ಗೀಟು ಹಾಕಿದ ಮೂರು ವರ್ಷ

ಕುವೈತಿನ ಫಹಾಹೀಲ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಪೋಲೆಂಡಿನವಳ ಗಂಡನೂ ನನ್ನ ಗಂಡನೂ ಒಂದೇ ಕಂಪನಿಯಲ್ಲಿದ್ದರು. ಒಂದು ಸಂಜೆ ಅವಳು ನಮ್ಮನೆಗೆ ಬಂದು, ತಾವು ಊರಿಗೆ ಮರಳುತ್ತಿದ್ದೇವೆಂದು ಹೇಳಿ, ತನ್ನ ದೇಶದ ಶಾಲೆಗಳನ್ನು ಕಾಗದದಲ್ಲಿ ಮೂರು ಚೌಕ ಮಾಡಿ ತೋರಿಸಿದಳು: ಆರು ವರ್ಷ ಪ್ರಾಥಮಿಕ, ಮೂರು ಮಾಧ್ಯಮಿಕ, ಮೂರು ಪ್ರೌಢ. ಆಮೇಲೆ ನಡುವಿನದಕ್ಕೆ ಗೀಟು ಹಾಕಿದಳು.

"ಇದನ್ನ ಸರ್ಕಾರ ಮುಚ್ತಾ ಇದೆ. ಇನ್ನು ಪ್ರಾಥಮಿಕ ಎಂಟು, ಪ್ರೌಢ ನಾಲ್ಕು. ಆರು ಮುಗಿಸಿದ ನನ್ನ ಮಗಳು ಪ್ರಾಥಮಿಕದಲ್ಲೇ ಏಳಕ್ಕೆ ಕೂರಬೇಕು."

ನನಗೆ ರೇಗಿತು. ಮಕ್ಕಳ ಹತ್ತನೆಯ ಬೋರ್ಡ್ ಪರೀಕ್ಷೆ ಮುಗಿಯದೆ ಇಲ್ಲಿನ ಭಾರತೀಯರಾದ ನಾವ್ಯಾರೂ ಊರಿಗೆ ಮರಳುವ ಮಾತೇ ಎತ್ತುವುದಿಲ್ಲ.

"ಹಾಗಿದ್ರೆ ಈಗ್ಲೇ ಯಾಕೆ ಹೋಗ್ತೀರಿ?"

ಅವಳು ಪೆನ್ನು ಕೆಳಗಿಟ್ಟಳು.

"ಕಂಪನಿಯ ವಿಷಯ ನಿನ್ನ ಗಂಡ ಇನ್ನೂ ಹೇಳಿಲ್ವಾ?"

ಒಳಗೆ ನನ್ನ ಮಗಳು ಹತ್ತನೆಯ ತರಗತಿಯ ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು.