ಪಡುಗಡಲಿಗೆ ಬಿಟ್ಟ ಕಾಯಿ

ನಮ್ಮ ಕಡೆಯವರಿಗೆ ಎಡ–ಬಲಗಳ ಬಳಕೆ ಕಡಿಮೆ. ಗಂಗೊಳ್ಳಿಯ ನಮ್ಮ ಮನೆಯಲ್ಲಿ ಉಪ್ಪಿನ ಭರಣಿ ಕೂಡ ಒಲೆಯ ಪಡುಬದಿಗಿರುತ್ತದೆ. ಪಂಕ್ತಿಯಲ್ಲಿ ಒತ್ತಾಗಿ ಕುಳಿತವರಿಗೆ 'ಚೂರು ಮೂಡಿಗೆ ಸರಿ' ಎನ್ನುತ್ತಾರೆ. ಮೂಡು ಎಂದರೆ ಪೂರ್ವ, ಅಲ್ಲಿ ಘಟ್ಟ. ಪಡು ಎಂದರೆ ಪಶ್ಚಿಮ, ಅಲ್ಲಿ ಕಡಲು. ಕಡಲು ಕಂಡಿತೋ, ಪಶ್ಚಿಮ ಸಿಕ್ಕಿತು. ಮತ್ತೆ ಸೂರ್ಯನನ್ನೂ ವಿಚಾರಿಸಬೇಕಾಗಿಲ್ಲ.

ಈ ಜ್ಞಾನವನ್ನು ನಾನು ಉಪ್ಪಿನಕಾಯಿಯ ಜೊತೆಗೆ ಕಟ್ಟಿಕೊಂಡು ಮಾರಿಷಸ್ಸಿಗೆ ಹೋದೆ. ಓದಲು ಹೋದದ್ದು ಸಮುದ್ರ ವಿಜ್ಞಾನ. ದ್ವೀಪವೆಂದರೆ ಸುತ್ತಲೂ ನೀರಿರುವ ಭೂಮಿ ಎಂಬುದನ್ನು ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಮಾತ್ರ ತಲೆಗಿಳಿದಿರಲಿಲ್ಲ.

ಭಾನುವಾರಗಳಲ್ಲಿ ಸಹಪಾಠಿ ದೇವಿಕಾ ನನ್ನನ್ನು ಹೊರಗೆಳೆಯುತ್ತಿದ್ದಳು. ಅವಳು ಅಲ್ಲಿಯವಳೇ, ಆದರೆ ಪೇಟೆಯ ಹುಡುಗಿ. ಇಬ್ಬರೂ ಕಬ್ಬಿನ ಗದ್ದೆಗಳ ನಡುವೆ ನಡೆದೆವು, ಜಲಪಾತದ ಕೆಳಗೆ ನೆನೆದೆವು, ಹವಳದ ದಿಬ್ಬಗಳ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ಜಾರಿದೆವು. ಎಲ್ಲಿಗೆ ಹೋದರೂ ನಾನು ಯಾರಿಗೂ ಹೇಳದೆ ಹುಡುಕುತ್ತಿದ್ದದ್ದು ಒಂದನ್ನೇ: ನಮ್ಮೂರಿಗೆ ಮುಖ ಮಾಡಿ ನಿಲ್ಲಬಹುದಾದ ದಂಡೆ. ನಕಾಶೆಯ ಪ್ರಕಾರ ಅದು ಮೂಡುಬದಿಯಲ್ಲಿತ್ತು. ಊರಿನಲ್ಲಿ ಘಟ್ಟವಿರುವ ಕಡೆ ಇಲ್ಲಿ ಊರೇ ಇರುವುದು ನನಗೇಕೋ ಒಗ್ಗಿರಲಿಲ್ಲ.

ಹಿಂದಿನ ವರ್ಷ ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಅಪ್ಪಯ್ಯನ ಭುಜ ಮುರಿದಿತ್ತು. ವರ್ಷವಿಡೀ ಮನೆಯಲ್ಲಿದ್ದವರು ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಡುವ ಸಮುದ್ರಪೂಜೆ ಮುಗಿಸಿ ಮರುದಿನ ಮತ್ತೆ ಕಡಲಿಗಿಳಿಯುವವರಿದ್ದರು. ಅಮ್ಮ ಫೋನು ಮಾಡಿದಳು.

"ಹೆಣ್ಣೇ, ನೀನೂ ಅಲ್ಲಿಂದ ಒಂದ್ ಕಾಯಿ ಬಿಡ್. ನಮ್ ಬದಿಗ್ ಮುಖ ಮಾಡಿ ಬಿಡ್ಕ್, ಆಯ್ತಾ?"

"ಹೆಂಗ್ಸ್ರ್ ಬಿಡುಕಾತ್ತಾ ಅಮ್ಮ?"

"ಅಲ್ಲಿ ಕೇಂಬುಕೆ ಯಾರಿದ್ರೆ ಮರಾಯ್ತಿ!"

ಹುಣ್ಣಿಮೆ ಭಾನುವಾರವೇ ಬಂತು. ಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ದೇವಿಕಾಳೊಡನೆ ಗುಡ್ಡ ಹತ್ತಿದೆ. ಆಚೆ ಇಳಿದು ಬಸ್ಸು ಹಿಡಿದರೆ ಮೂಡಣ ತೀರ. ಮೇಲೆ ಮೋಡ ಕವಿದಿತ್ತು. ದಾರಿ ಎರಡಾದ ಕಡೆ ದೇವಿಕಾ ನನ್ನ ಮುಖ ನೋಡಿದಳು. ಮರಗಳ ಸಂದಿಯಲ್ಲಿ ದೂರದ ಕಡಲು ಮಿನುಗುತ್ತಿತ್ತು. ನಾನು ಕ್ಷಣವೂ ಯೋಚಿಸಲಿಲ್ಲ. ಕಡಲು ಅಲ್ಲಿದೆ, ಆದ್ದರಿಂದ ಅದು ಪಡು, ಆದ್ದರಿಂದ ನಾವು ಹೋಗಬೇಕಾದದ್ದು ಅದರ ವಿರುದ್ಧ ದಿಕ್ಕಿಗೆ. ಅಷ್ಟು ದಿನ ಹುಡುಕಿದ ಕಡಲಿಗೆ ಹೀಗೆ ಬೆನ್ನು ತಿರುಗಿಸಿ, ತುಂಬು ಆತ್ಮವಿಶ್ವಾಸದಿಂದ ಇಳಿಯತೊಡಗಿದೆ.

ಕೆಳಗೆ ತಲುಪಿದಾಗ ಸಂಜೆ. ಮೋಡ ಸರಿದು ಸೂರ್ಯ ನೀರಿಗೆ ತೀರಾ ಹತ್ತಿರವಾಗಿದ್ದ. ಒಂದು ಗಳಿಗೆ ಎದೆ ತುಂಬಿ ಬಂತು. ನಮ್ಮೂರಿನ ಸಂಜೆಯೇ ನನ್ನನ್ನು ಹುಡುಕಿಕೊಂಡು ಬಂದಂತಿತ್ತು. ಆಮೇಲೆ ಹೊಳೆಯಿತು: ಸೂರ್ಯ ಮುಳುಗುತ್ತಿರುವುದು ಕಡಲಿನಲ್ಲಿ.

ದೇವಿಕಾ ಮರಳಿನ ಮೇಲೆ ಕುಳಿತು ನಕ್ಕಳು. "ಎದುರಿಗೆ ಆಫ್ರಿಕಾ ಇದೆ, ವಿಜ್ಞಾನಿಗಳೇ! ಕಡಲು ನೋಡಿ ದಾರಿ ಹೇಳುವವಳನ್ನು ದ್ವೀಪಕ್ಕೆ ಸೇರಿಸಿಕೊಂಡವರು ಯಾರು?" ನನ್ನ ಮುಖ ಕಂಡದ್ದೇ ಬಸ್ಸು ವಿಚಾರಿಸಲು ಎದ್ದಳು. ಮೂಡಣ ತೀರಕ್ಕೆ ಆ ದಿನ ಇನ್ನು ಬಸ್ಸಿರಲಿಲ್ಲ. ಅಪ್ಪಯ್ಯ ಹೊರಡುವುದು ನಸುಕಿನಲ್ಲಿ.

ಅಮ್ಮನಿಗೆ ಫೋನು ಮಾಡಿದೆ.

"ಬದಿ ತಪ್ಪಿ ಹೋಯ್ತ್ ಅಮ್ಮ. ಇದ್ ಪಡು ಕಡ್ಲ್. ಊರ್ ಬೆನ್ನ್ ಹಿಂದಿತ್ತ್."

"ಅಯ್ಯೋ ದೇವ್ರೆ!" ಎಂದಳು ಅಮ್ಮ. ಆ ಒಂದು ಕೂಗಿನಲ್ಲಿ ಅವಳ ಭಯ ನನಗೆ ಸ್ಪಷ್ಟವಾಗಿ ಕೇಳಿಸಿತು; ವರ್ಷವಿಡೀ ಅದನ್ನು ಅವಳು ಮೀನು ಮಾರುವ ಗದ್ದಲದಲ್ಲಿ ಅಡಗಿಸಿಟ್ಟಿದ್ದಳು. ಆಮೇಲೆ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ನಿಧಾನವಾಗಿ ಹೇಳಿದಳು:

"ಅಲ್ಲೇ ಬಿಡ್ ಮಗಾ. ಅಪ್ಪಯ್ಯ ಹೋಪ್ದೂ ಪಡುವಿಗೇ ಅಲ್ದಾ? ನಮ್ ಬದಿಗ್ ಬೆನ್ನ್ ಹಾಕಂಡೇ ಹೋತ್ರ್. ಹಂಗಂದೇಳಿ ತಿರ್ಗಿ ಬತ್ತಿಲ್ಯಾ?"

ಹೋಗುವವರು ಊರಿಗೆ ಮುಖ ಮಾಡಿಕೊಂಡು ಹೋಗಲಾರರೆಂಬುದನ್ನು, ಒಬ್ಬ ಮೀನುಗಾರನ ಮಗಳಾಗಿಯೂ, ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ದಡದಲ್ಲಿ ನಿಂತವರ ಕಣ್ಣಿನಿಂದಲೇ ಕಡಲನ್ನು ನೋಡಿ ಬೆಳೆದವಳು ನಾನು. ಮೊಣಕಾಲಿನವರೆಗೆ ನೀರಿಗಿಳಿದು ಕಾಯಿ ಬಿಟ್ಟೆ. ಹವಳದ ಗೋಡೆಯೊಳಗಿನ ಸೌಮ್ಯವಾದ ನೀರು ಅದನ್ನು ಮರಳಿ ನನ್ನ ಕಾಲಿಗೇ ತಂದಿತು. ಮತ್ತೆ ತಳ್ಳಿದೆ, ಮತ್ತೆ ಬಂತು. ಕೊನೆಗೆ ದೇವಿಕಾ ಬಟ್ಟೆಯ ಗೊಡವೆಯಿಲ್ಲದೆ ಎದೆಮಟ್ಟದ ನೀರಿಗೆ ಹೋಗಿ, ಸೆಳೆತ ಕಂಡಲ್ಲಿ ಅದನ್ನು ಬಿಟ್ಟು ಬಂದಳು.

ಮರುದಿನ ನನ್ನ ಕಣ್ಣು ಪಾಠದ ಮೇಲಿದ್ದರೂ ಕೈ ಫೋನಿನ ಮೇಲಿತ್ತು. ಅದು ಮೊಳಗಿದ್ದು ಸಂಜೆಗೆ. ಎಂದೂ ತಾನಾಗಿ ಫೋನು ಹಿಡಿಯದ ಅಪ್ಪಯ್ಯನ ದನಿ.

"ಹ್ವಾಯ್! ನಿನ್ ಕಾಯಿ ಇನ್ನೂ ಇಲ್ಲಿಗ್ ಮುಟ್ಲಿಲ್ಲೆ ಕಾಣ್."

"ದೂರ ಇತ್ತಲ್ದಾ ಅಪ್ಪಯ್ಯ, ನಿಧಾನ ಬತ್ತ್," ಎಂದೆ.

"ಕಾಯಿ ಬಂದಾಂಗ್ ಬರ್ಲಿ. ನೀ ಯಾವತ್ತ್ ಬಪ್ದ್?"

"ಇನ್ನೊಂದ್ ಮಳೆಗಾಲ."

"ಅಡ್ಡಿಲ್ಲೆ," ಎಂದರು ಅಪ್ಪಯ್ಯ. ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು.