ಹಾಡು ಹಾಕದ ವಿಡಿಯೋ

ಲ್ಯಾಪ್‌ಟಾಪಿನ ಬೆನ್ನಿನ ಮುಚ್ಚಳ ಬಿಚ್ಚಿದ್ದೇ ತಡ, ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಯಾದಗಿರಿಯ ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿ ಅದು. ಅಂಗಡಿಯವನು ಬ್ರಷ್ಷಿನಿಂದ ಫ್ಯಾನು ತಿಕ್ಕುತ್ತ, "ಇದು ಭಾಳ ಹಳೇದಾಗ್ಯಾದ್ರಿ ಟೀಚರ್. ಹೊಸಾ ವಿಂಡೋಸ್ ಇದಕ್ಕ ಕೂಡಂಗಿಲ್ಲ. ಅದರ ಬದಲಿ ಲಿನಕ್ಸ್ ಹಾಕಿಕೊಡ್ತೀನಿ, ಇನ್ನಾ ಸ್ವಲ್ಪ ದಿನ ನಡೀತದ. ಆದ್ರ ಒಳಗಿನ ಫೋಟೋ, ಫೈಲು ಎಲ್ಲಾ ಮೊದಲ ತಗದಿಟ್ಕೋರಿ," ಅಂದ. ಮುಂದೆಯೂ ಏನೇನೋ ಹೇಳುತ್ತಿದ್ದ. ನನ್ನ ಕಿವಿ ಅಲ್ಲಿರಲಿಲ್ಲ. ಆ ವಾಸನೆಗೆ ಒಂದಿಷ್ಟು ಊದಿನಕಡ್ಡಿಯ ಹೊಗೆ ಸೇರಿಸಿದರೆ ಸಾಕು, ಶಹಾಪುರದ ಆ ಸ್ಟುಡಿಯೋ ಆಗಿಬಿಡುತ್ತಿತ್ತು...

ಆಗ ನಾನು ಶಹಾಪುರದ ಒಂದು ಶಾಲೆಯಲ್ಲಿ ಟೀಚರ್. ಸುರಪುರದ ತವರಿನಿಂದ ದಿನಾ ಬಸ್ಸಿಗೆ ಓಡಾಡಿ ಸಾಕಾಗಿ, ಸ್ಟುಡಿಯೋದ ಮೇಲಿನ ಖೋಲಿ ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಸ್ಟುಡಿಯೋ, ಅದರ ಹಿಂದೆ ಗಂಡ ಹೆಂಡತಿ ಇಬ್ಬರದೇ ಮನೆ. ಮಕ್ಕಳಿರಲಿಲ್ಲ. ಗಂಡ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ಮದುವೆ ತಿರುಗುತ್ತಿದ್ದರು. ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಆ ಮದುವೆಗಳನ್ನೆಲ್ಲ ಕತ್ತರಿಸಿ ಜೋಡಿಸುತ್ತಿದ್ದರು. ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸಣ್ಣವರು, ದೊಡ್ಡವರು ಎಲ್ಲರಿಗೂ ಅವರು ಸ್ಟುಡಿಯೋದಕ್ಕ. ನನಗೂ ಅಕ್ಕನೇ.

ಅಕ್ಕನ ಗಂಡನಿಗೆ ಬಾಯಿ ಬಹಳ. ಕ್ಯಾಮೆರಾ ಕಣ್ಣಿಗಿಟ್ಟರೂ ಮಾತು ನಿಲ್ಲುತ್ತಿರಲಿಲ್ಲ. ಮದುಮಕ್ಕಳಿಗೆ ಆಯೇರಿಯ ಉಡುಗೊರೆ ಕೊಡಲು ವೇದಿಕೆ ಹತ್ತಿದ ಮುದುಕರು ಬಿಗಿದುಕೊಂಡು ನಿಂತರೆ, "ಮಾಮಾರ, ಜರಾ ನಗ್ರಿ. ಹಲ್ಲಿಲ್ಲಂದ್ರೂ ನಡೀತದ!" ಅನ್ನುತ್ತಿದ್ದರು. ಮುದುಕರು ನಗದೆ ಏನು ಮಾಡಿಯಾರು? ಆದರೆ ಗಿರಾಕಿಗಳ ಮನೆ ಸೇರಿದ ವಿಡಿಯೋದಲ್ಲಿ ಆ ನಗು ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಅಡುಗೆಯವರ ಕೂಗಾಟ, ಕೂಸುಗಳ ಅಳು, ಗಂಡನ ಹರಟೆ ಎಲ್ಲವನ್ನೂ ಅಕ್ಕ ಒರೆಸಿ, ಅದರ ಮೇಲೆ ಸಿನೆಮಾ ಹಾಡು ಹಾಕುತ್ತಿದ್ದರು. ಜನರಿಗೆ ಬೇಕಾದದ್ದೂ ಅದೇ. ನನ್ನ ತಂಗಿಯ ಮದುವೆ ವಿಡಿಯೋ ಕೂಡ ಹಾಗೆಯೇ ಬಂದಿತ್ತು, ಶುರುವಿನಿಂದ ಕೊನೆಯವರೆಗೆ ಬರೀ ಹಾಡು.

"ನನ್ನ ಬಾಯಿ ಮುಚ್ಚಸಾಕಿ ಅಂದ್ರ ಇಕಿ ಒಬ್ಬಾಕೇ ನೋಡ್ರಿ ಟೀಚರ್," ಎಂದು ಗಂಡ ನನ್ನೆದುರೇ ಕಿಚಾಯಿಸುತ್ತಿದ್ದರು. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಮದುವೆಗಳ ಭರಾಟೆ ಇನ್ನೂ ನಡೆದಿತ್ತು, ಅಕ್ಕನ ಗಂಡ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನಕರ್ಮ ಕಳೆದ ಮೇಲೆ ಅಕ್ಕ ಶಟರು ಎತ್ತಿದರು. ಗೋಡೆಗೆ ಗಂಡನ ದೊಡ್ಡ ಫೋಟೋ ಬಂತು, ಅದಕ್ಕೊಂದು ಹಾರ ಬಂತು. ಅಕ್ಕ ತಾವೇ ಕ್ಯಾಮೆರಾ ಹಿಡಿದರು. ಮೊದಮೊದಲು ಜನ ಹೆಣ್ಣುಮಗಳು ಮದುವೆ ತೆಗೆಯುತ್ತಾಳೇನು ಎಂದು ಬಾಯಿಗೆ ಬಂದಂತೆ ಆಡಿಕೊಂಡರು. ಆಮೇಲೆ ಹೆಣ್ಣಿನ ಕಡೆಯವರೇ ಹುಡುಕಿಕೊಂಡು ಬರತೊಡಗಿದರು.

ಒಂದು ಸಂಜೆ ಶಾಲೆಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಅರ್ಧ ಎಳೆದ ಶಟರಿನೊಳಗಿಂದ ಗಂಡಸಿನ ದನಿ ಕೇಳಿತು. "ಅಕ್ಕಾರ, ಜರಾ ಬಾಜೂಕ ಸರೀರಿ. ಮದಿಮಗಳು ಕಾಣವಲ್ಲಳು." ಅಕ್ಕನ ಗಂಡನದೇ ದನಿ. ಬಗ್ಗಿ ನೋಡಿದರೆ ಕಂಪ್ಯೂಟರಿನಲ್ಲಿ ರಾಮಸಮುದ್ರದ ಯಾರದೋ ಮದುವೆ ಓಡುತ್ತಿತ್ತು. ಅಕ್ಕ ಪರದೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಬರ್ರಿ ಟೀಚರ್," ಅಂದರು. "ನೋಡಾಕ ಏನಿಲ್ಲ, ಮಂದಿ ಮದಿವಿ. ನಾ ಬರೇ ಕೇಳಾಕತ್ತೀನಿ."

ಹಾಡು ಹಾಕುವ ಮೊದಲಿನ ವಿಡಿಯೋಗಳು ಅವು. ಅಕ್ಕ ಅವುಗಳನ್ನು ಕಚ್ಚಾ ಮಾಲು ಅನ್ನುತ್ತಿದ್ದರು. ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ತುಂಬಿಸುವುದೇ ಅವರ ರೂಢಿಯಾದ್ದರಿಂದ ಕ್ಯಾಸೆಟ್ಟುಗಳಲ್ಲಿ ಹಳೆಯದು ಏನೂ ಉಳಿದಿರಲಿಲ್ಲ. ಆದರೆ ಕಂಪ್ಯೂಟರಿಗೆ ಇಳಿಸಿದ ಕಚ್ಚಾ ಮಾಲಿನಲ್ಲಿ ಕೆಲವು ಅಳಿಸದೆ ಹಾಗೇ ಬಿದ್ದಿದ್ದವು. ಈಗ ಅಕ್ಕನಿಗೆ ಅವೇ ಆಧಾರ. ಅದರಲ್ಲೂ ಒಂದಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಂದ್ ಮಾಡುವುದನ್ನು ಮರೆತು ಗಂಡ ಫೋನಿನಲ್ಲಿ ಮಾತಾಡಿದ್ದು. ಪರದೆ ಮೇಲೆ ಖಾಲಿ ಕುರ್ಚಿಗಳು, ಯಾರದೋ ಚಪ್ಪಲಿಗಳು. ಹಿಂದೆ ಅವರ ದನಿ. "ಊಟಕ್ಕ ನನ್ನ ಹಾದಿ ಕಾಯಬ್ಯಾಡ. ನೀ ಉಣ್ಣು... ಹೂಂ... ಉಣ್ತೇನಿ ಮಾರಾಯ್ತಿ, ಇಲ್ಲೇನು ಉಪಾಸ ಕೆಡವತಾರ?" ಆ ಕಡೆಯಿಂದ ಮಾತಾಡಿದ್ದು ಅಕ್ಕನೇ.

"ಅಷ್ಟು ದೊಡ್ಡ ಫೋಟೋ ಅದಲ್ರಿ ಅಕ್ಕಾರ," ಎಂದೆ. ಸಮಾಧಾನ ಹೇಳುವುದರಲ್ಲಿ ನಾನು ಮೊದಲಿನಿಂದಲೂ ದಡ್ಡಿ.

"ಫೋಟೋ ಮಾತಾಡಂಗಿಲ್ಲಲ್ರಿ," ಅಂದರು.

ಆಮೇಲೆ ಕೆಳಗಿನಿಂದ ಆ ದನಿ ಕೇಳುವುದು ನನಗೂ ರೂಢಿಯಾಯಿತು. ಅಕ್ಕ ಒಲೆ ಮುಂದಿದ್ದರೂ ಕಂಪ್ಯೂಟರು ಮಾತಾಡುತ್ತಲೇ ಇರುತ್ತಿತ್ತು. ಮಾತಿನ ಮಲ್ಲ ಸತ್ತ ಮೇಲೂ ಸುಮ್ಮನಿರಲಿಲ್ಲ ಎಂದು ಓಣಿಯವರು ನಗುತ್ತಿದ್ದರು. ನಗುವಾಗ ಅವರ ಕಣ್ಣೂ ಒದ್ದೆಯಾಗುತ್ತಿದ್ದವು.

ಕಂಪ್ಯೂಟರಿಗೂ ವಯಸ್ಸಾಗಿತ್ತು. ಗಿರಾಕಿಗಳು ತರುತ್ತಿದ್ದ ಪೆನ್‌ಡ್ರೈವುಗಳಿಂದ ವೈರಸ್ಸು ಹತ್ತಿ, ಫೋಲ್ಡರುಗಳು ಕಾಣಿಸುತ್ತಿರಲಿಲ್ಲ, ಕೆಲಸದ ನಡುವೆಯೇ ಆಫಾಗುತ್ತಿತ್ತು. ಪರಿಚಯದ ರಿಪೇರಿಯವನೊಬ್ಬ ಬಂದು ನೋಡಿ, ಹಳೆಯ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ವೈರಸ್ಸಿನ ಕಾಟವೇ ಇರುವುದಿಲ್ಲ ಎಂದ. ಅಕ್ಕ ಒಪ್ಪಿದರು. ಆದರೆ ಅದಕ್ಕೆ ಮೊದಲು ಒಳಗಿದ್ದದ್ದನ್ನು ಹೊರಗೆ ತೆಗೆದಿಡಬೇಕಿತ್ತು. ಅಕ್ಕನ ಹತ್ತಿರ ಇದ್ದದ್ದು ಒಂದೇ ಒಂದು ಸಣ್ಣ ಹೊರಗಿನ ಡಿಸ್ಕು. ಅದರಲ್ಲಿ ಗಿರಾಕಿಗಳ ಫೋಟೋ, ಆಲ್ಬಮ್ಮು ಹಿಡಿಸಿದರೆ ಕಚ್ಚಾ ಮಾಲಿಗೆ ಜಾಗವಿಲ್ಲ. ಕಚ್ಚಾ ಮಾಲು ಹಿಡಿಸಿದರೆ ಗಿರಾಕಿಗಳದ್ದಕ್ಕೆ ಜಾಗವಿಲ್ಲ.

ಅಕ್ಕ ಗಿರಾಕಿಗಳದ್ದನ್ನು ತುಂಬಿದರು. "ಮಂದಿ ನಂಬಿ ಬಿಟ್ಟು ಹೋಗ್ಯಾರ, ಅದು ಮೊದಲ," ಅಂದರು. "ನಮ್ಮದು ಡಿ ಡ್ರೈವಿನ್ಯಾಗ ಅದ. ಅದಕ್ಕೇನೂ ಆಗಂಗಿಲ್ಲ."

ಇದು ಅಕ್ಕನೊಬ್ಬರ ನಂಬಿಕೆಯಲ್ಲ. ಆಗ ಕಂಪ್ಯೂಟರು ಮುಟ್ಟಿದವರೆಲ್ಲರೂ ಕಲಿತ ಮೊದಲ ಪಾಠವೇ ಅದು. ಒಳಗೆ ಸಿ ಎಂದು ಒಂದು ಭಾಗ, ಡಿ ಎಂದು ಇನ್ನೊಂದು. ಕೆಟ್ಟರೆ ಸಿ ಕೆಡುತ್ತದೆ, ಅಳಿಸಿದರೆ ಸಿ ಅಳಿಸುತ್ತಾರೆ. ಡಿ ಅಂದರೆ ನೆಲದೊಳಗಿನ ಹಗೇವಿನಲ್ಲಿಟ್ಟ ಜೋಳದ ಹಾಗೆ, ಮೇಲೆ ಏನೇ ಆದರೂ ಕೆಳಗೆ ಭದ್ರ. ಅಕ್ಕ ಎಷ್ಟೋ ಸಲ ವಿಂಡೋಸ್ ಹಾಕಿಸಿದ್ದರು. ಪ್ರತಿ ಸಲವೂ ಡಿ ಉಳಿದಿತ್ತು. ರಿಪೇರಿಯವನಿಗೂ ಅದೇ ಅನುಭವ. ಲಿನಕ್ಸ್ ಅವನಿಗೂ ಹೊಸದು.

ಅಂದು ಭಾನುವಾರ. ನಾನೂ ಚಹಾ ಕುಡಿಯುತ್ತ ಅಲ್ಲೇ ಕೂತಿದ್ದೆ. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂತು. ರಿಪೇರಿಯವನು ಎಲ್ಲಕ್ಕಿಂತ ಮೇಲಿದ್ದ ಸಾಲನ್ನು ಒತ್ತಿ ಮುಂದೆ ಹೋದ. ಅಕ್ಕ ಅವನಿಗೆ ಇನ್ನೊಂದಿಷ್ಟು ಚಹಾ ಸುರಿದರು. ಕೆಲಸ ಮುಗಿದಾಗ ಪರದೆ ಹೊಸ ಬಣ್ಣದಲ್ಲಿ ಚೊಕ್ಕವಾಗಿ ಕಾಣುತ್ತಿತ್ತು. ಅಕ್ಕನಿಗೆ ಖುಷಿಯಾಯಿತು. ಮೌಸು ಹಿಡಿದು ಆ ಕಡೆ ಈ ಕಡೆ ಹುಡುಕಿದರು.

"ಡಿ ಎಲ್ಲದ ತಮ್ಮಾ?"

"ಇದರಾಗ ಸಿ, ಡಿ ಅಂತ ಇರಂಗಿಲ್ರಿ ಅಕ್ಕಾರ."

"ಇರಂಗಿಲ್ಲಂದ್ರ? ನನ್ನ ಡಿ ಎಲ್ಲಿ ಹೋತು?"

ಅವನು ಹಣೆ ಒರೆಸಿಕೊಂಡ. ಮತ್ತೆ ಹುಡುಕಿದ. ಮತ್ತೆ ಹಣೆ ಒರೆಸಿಕೊಂಡ. ಅವನು ಒತ್ತಿದ ಆ ಸಾಲಿಗೆ, ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕು ಎಂದು ಅರ್ಥವಂತೆ. ಸಿ ಯಾವುದು, ಡಿ ಯಾವುದು ಎಂದು ಅದು ಕೇಳುವುದೇ ಇಲ್ಲವಂತೆ. ಅವನು ಅಳುವಂತಾಗಿ ಅಕ್ಕನ ಕಾಲು ಮುಟ್ಟಲು ಬಗ್ಗಿದ. ಅಕ್ಕ ಹಿಂದೆ ಸರಿದು, "ಏಳಪ್ಪ, ನೀ ಏನ್ ಬೇಕಂತ ಮಾಡೀಯೇನು," ಅಂದರು. ಒಳಗೆ ಹೋದವರು ಕತ್ತಲಾದರೂ ಹೊರಗೆ ಬರಲಿಲ್ಲ.

ಕಂಪ್ಯೂಟರಿನ ಡಿಸ್ಕನ್ನು ಕಲಬುರಗಿಗೆ ಕಳಿಸಿದರು, ಅಲ್ಲಿಂದ ಹೈದರಾಬಾದಿಗೂ ಹೋಗಿಬಂತು. ಮರಳಿ ಸಿಕ್ಕಿದ್ದು ಒಂದಿಷ್ಟು ಫೋಟೋಗಳಷ್ಟೇ. ವಿಡಿಯೋ ಒಂದೂ ತೆರೆಯಲಿಲ್ಲ. ಊರಿನವರದು ಯಾರದೂ ಏನೂ ಹೋಗಿರಲಿಲ್ಲ. ಎಲ್ಲರ ಮದುವೆ, ಎಲ್ಲರ ಜವಳ, ಎಲ್ಲರ ನಾಮಕರಣ ಆ ಸಣ್ಣ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು. ಜನ ಬಂದು ಫೋಟೋ ಕೇಳಿದರೆ ಅಕ್ಕ ಹುಡುಕಿ ಪ್ರಿಂಟು ತೆಗೆದು ಕೊಡುತ್ತಿದ್ದರು. ತೆಗೆದುಕೊಂಡವರು ಖುಷಿಯಿಂದ ಹೋಗುತ್ತಿದ್ದರು. ನನಗೆ ಯಾರ ಮೇಲೆಂದು ಗೊತ್ತಿಲ್ಲದೆ ಸಿಟ್ಟು ಬರುತ್ತಿತ್ತು.

ಕೆಲವು ದಿನಗಳ ಮೇಲೆ ಅಕ್ಕ ಮನೆಮನೆಗೆ ಹೋಗತೊಡಗಿದರು. "ನಿಮ್ಮ ಮದಿವಿ ಸಿಡಿ ಜರಾ ಕೊಡ್ರಿ, ನೋಡಿ ಕೊಡ್ತೀನಿ" ಎಂದು ಕೇಳಿ ತರುತ್ತಿದ್ದರು. ನನ್ನ ತಂಗಿಯ ಸಿಡಿಯನ್ನು ನಾನೇ ಸುರಪುರದಿಂದ ತಂದು ಕೊಟ್ಟೆ. ಇಬ್ಬರೂ ಕೂತೆವು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಹಾಡು ಮುಗಿದು ಇನ್ನೊಂದು ಹತ್ತಿಕೊಳ್ಳುತ್ತಿತ್ತು, ನಡುವೆ ಉಸಿರಾಡುವಷ್ಟೂ ಬಿಡುವಿರಲಿಲ್ಲ. ನಮ್ಮ ದೊಡ್ಡಪ್ಪ ವೇದಿಕೆಯ ಮೇಲೆ ನಿಂತು, ಕ್ಯಾಮೆರಾದ ಹಿಂದಿನವರ ಯಾವುದೋ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದ. ಏನು ಅಂದಿದ್ದರೋ...

ಅಕ್ಕ ಕಣ್ಣು ತೆರೆದರು. "ಎಷ್ಟು ಹುಶಾರಿಲೆ ಮಾಡೀನಿ ನೋಡ್ರಿ ಟೀಚರ್. ಒಂದು ಚೂರೂ ಬಿಟ್ಟಿಲ್ಲ. ಎಲ್ಲಾ ನನ್ನ ಕೈಲೇ ತಗದೀನಿ."

ಅಂದು ಅವರು ಅತ್ತರು. ಗಂಡ ಸತ್ತಾಗಲೂ ಅಷ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವರ ಬೆನ್ನ ಮೇಲೆ ಕೈಯಿಟ್ಟು ಕೂತುಕೊಂಡೆ.

ಅಲ್ಲಿಂದಾಚೆ ಸ್ಟುಡಿಯೋದಕ್ಕ ಯಾರ ವಿಡಿಯೋಕ್ಕೂ ಹಾಡು ಹಾಕಲಿಲ್ಲ. ಅಳುವ ಕೂಸು, ಜಗಳವಾಡುವ ಬೀಗರು, ಕೆಮ್ಮುವ ಅಜ್ಜ, ಎಲ್ಲ ಹಾಗೆಯೇ ಇರುತ್ತಿದ್ದರು. ಜನ ಗೊಣಗಿದರು, ಬೈದರು, ಬೇರೆ ಸ್ಟುಡಿಯೋ ಹಿಡಿದರು. "ಈಗ ಬೈತಾರ, ಬೈಲಿ," ಅಂದರು ಅಕ್ಕ. ಅಂಗಡಿಯಲ್ಲಿ ಕೆಲಸ ಕಡಿಮೆಯಾಗುತ್ತ ಬಂತು. ಆದರೂ ಅಕ್ಕ ಹಠ ಬಿಡಲಿಲ್ಲ.

ಆ ಹೊತ್ತಿಗೆ ನನಗೆ ಯಾದಗಿರಿಗೆ ವರ್ಗವಾಯಿತು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಫೋನು, ಆಮೇಲೆ ಅದೂ ಇಲ್ಲ. ಹೋದ ವರ್ಷ ಶಹಾಪುರದಲ್ಲಿ ಬಸ್ಸಿಳಿದು ಹೋದರೆ ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಕವರಿನ ಅಂಗಡಿ ಇತ್ತು. ಅಕ್ಕ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಪಕ್ಕದ ಅಂಗಡಿಯವರು, "ನಿಮಗ ಯಾರೂ ಹೇಳಿಲ್ಲೇನ್ರಿ?" ಎಂದು ಕೇಳಿದರು. ನನಗೆ ಹೇಳಬೇಕೆಂದು ಯಾರಿಗಾದರೂ ಯಾಕೆ ಅನ್ನಿಸಬೇಕು? ಬಸ್‌ಸ್ಟ್ಯಾಂಡಿಗೆ ವಾಪಸು ಬಂದು ಕೂತೆ. ಯಾದಗಿರಿ ಬಸ್ಸು ಬಂತು, ಹೋಯಿತು.

ಈಗ ಲ್ಯಾಪ್‌ಟಾಪನ್ನು ಮನೆಗೆ ತಂದು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಸಾಗಿಸುತ್ತಿದ್ದೇನೆ. ಎರಡೆರಡು ಕಡೆ ಇಡುತ್ತಿದ್ದೇನೆ. ಸಿ, ಡಿ ಯಾವುದನ್ನೂ ನಂಬುವುದಿಲ್ಲ. ಹಳೆಯ ಶಾಲೆಯ ಫೋಟೋಗಳ ನಡುವೆ ಒಂದು ವಿಡಿಯೋ ಸಿಕ್ಕಿತು. ಶಹಾಪುರ ಬಿಡುವಾಗಿನ ನನ್ನ ಬೀಳ್ಕೊಡುಗೆಯದು, ಅಕ್ಕ ತೆಗೆದದ್ದು. ಅಂದು ಕೊಟ್ಟಿದ್ದರು, ಸದ್ದು ಗದ್ದಲ ಕೇಳಲಾಗದೆ ನಾನು ಪೂರಾ ನೋಡಿರಲಿಲ್ಲ.

ಕುರ್ಚಿ ಎಳೆಯುವ ಸದ್ದು, ಮಕ್ಕಳ ಗಲಾಟೆ. ನಾನು ಶಾಲು ಹೊದ್ದು, ಹಾರ ಹಾಕಿಕೊಂಡು ನಿಂತಿದ್ದೇನೆ. ಕ್ಯಾಮೆರಾ ಹತ್ತಿರ ಬರುತ್ತದೆ. ಅದರ ಹಿಂದಿನಿಂದ ಅಕ್ಕನ ದನಿ. "ಟೀಚರ್, ಹಂಗ ಸುಮ್ಮನ ನಿಂದರಬ್ಯಾಡ್ರಿ. ಏನರ ಮಾತಾಡ್ರಿ."

ಪರದೆಯ ಮೇಲಿನ ನಾನು ಫೋಟೋಕ್ಕೆ ನಿಂತವಳಂತೆ ಹಲ್ಲು ಕಿರಿದಿದ್ದೇನೆ.

"ಮಾತಾಡ್ರಿ, ಟೀಚರ್..." ಅಕ್ಕ ಇನ್ನೂ ಕಾಯುತ್ತಾರೆ. ಕ್ಯಾಮೆರಾ ಅಲುಗದೆ ಕಾಯುತ್ತದೆ. ನಾನು ಸೆರಗು ಸರಿ ಮಾಡಿಕೊಂಡು, ನಕ್ಕು, ಬೇರೆ ಕಡೆ ನೋಡುತ್ತೇನೆ. ಕೊನೆಯವರೆಗೂ ಒಂದು ಮಾತೂ ಆಡುವುದಿಲ್ಲ.