ನಾಲ್ಕು ಪಾಲಾದ ಕಮಲ

ಕೊಪ್ಪಳದ ಕುತುಬಖಾನೆಯಲ್ಲಿ ಪುಸ್ತಕ ಕಡಿಮೆ, ಬೀಗ ದೊಡ್ಡದು. ಸರ್ಕಾರದ ಇಜಾಜತ್ತು ಪಡೆದು ಪೇಟೆಯ ವ್ಯಾಪಾರಿಗಳೇ ಜವಳಿ ಅಂಗಡಿಯೊಂದರ ಅಟ್ಟದ ಮೇಲೆ ಅದನ್ನು ತೆರೆದಿದ್ದರು. ತೆರೆದ ದಿನದಿಂದಲೇ ಅವರಿಗೊಂದು ಚಿಂತೆ: ಜನ ಬಂದು ಓದಿದರೆ ಪುಸ್ತಕ ಸವೆಯುವುದಿಲ್ಲವೇ? ಮಾಲು ಮಡಿಕೆ ಬಿಚ್ಚದೆ ಇದ್ದರೇ ಅದಕ್ಕೆ ಕಿಮ್ಮತ್ತು ಎಂದು ನಂಬಿ ಬಾಳಿದವರು ಅವರು. ಹೀಗಾಗಿ ಕುತುಬಖಾನೆ ಹೊಸದರಂತೆ ಇತ್ತು. ಧೂಳು ಮಾತ್ರ ಹಳೆಯದು.

೧೯೩೮ರ ದೀಪಾವಳಿ ಕಳೆದ ಮೇಲೆ ಆ ಅಟ್ಟದ ಮೆಟ್ಟಿಲು ಹತ್ತಿದವನು ಅಳವಂಡಿಯ ಗ್ಯಾನಪ್ಪ. ಮಂದಿಯ ಗೋಡೆಗೆ ಸುಣ್ಣ ಹಚ್ಚಿ ಹೊಟ್ಟೆ ಹೊರೆಯುವ ಮಾರೆಪ್ಪನ ಮಗ. ಗದಗಿನ ಒಂದು ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷ ಕಲಿಯುತ್ತಿದ್ದ. ಪರೀಕ್ಷೆ ಮುಂಬಯಿಯವರದು. ಹಳೆಯ ಗುಡಿಯೊಂದರ ಒಳಛಾವಣಿಯ ನಕ್ಷೆಯನ್ನು ಪುಸ್ತಕ ನೋಡಿ, ಅಳತೆ ಹಿಡಿದು ಬರೆದು, ಯಾವ ಭಾಗ ಯಾವ ಪುಟದ್ದು ಎಂದು ಅಡಿಯಲ್ಲಿ ನಮೂದಿಸಿ ಕಳಿಸಬೇಕಿತ್ತು. ಪಾಸಾದರೆ ಗಂಗಾವತಿಯ ಒಂದು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ ಕೊಡುವುದಾಗಿ ಮಾತಾಗಿತ್ತು. ನಪಾಸಾದರೆ ಮತ್ತೇನು, ಅಪ್ಪನ ಸುಣ್ಣದ ಬಕೀಟಿಗೆ ಇನ್ನೊಬ್ಬ ವಾರಸುದಾರ.

ಅವನ ಮಾಸ್ತರರು ಹೇಳಿದ್ದರು: ಅಂಥ ಪುಸ್ತಕ ತಮಗೆ ತಿಳಿದಂತೆ ಎರಡು ಕಡೆ ಇದೆ. ಒಂದು ಮುಂಬಯಿಯಲ್ಲಿ, ಪರೀಕ್ಷಕರ ಕೈಯಳತೆಯಲ್ಲಿ. ಇನ್ನೊಂದು ಕೊಪ್ಪಳದಲ್ಲಿ, ಯಾರ ಕೈಗೂ ಸಿಗದಂತೆ.

ಶ್ರಾವಣದಲ್ಲಿ ಗ್ಯಾನಪ್ಪನ ತಾಯಿ ಫಕೀರಮ್ಮ ಜ್ವರ ಬಂದು ತೀರಿಕೊಂಡಿದ್ದಳು. ಸುದ್ದಿ ಮುಟ್ಟಿ ಇವನು ಊರು ಸೇರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಮೇಲೆ ಹುಡುಗ ಒಂದು ಥರ ಆಗಿಬಿಟ್ಟ. ಕೂಡು ಎಂದರೆ ಕೂಡುವುದು, ಏಳು ಎಂದರೆ ಏಳುವುದು. ಉಪ್ಪಿಲ್ಲದ ಸಾರನ್ನೂ ಉಪ್ಪು ಹೆಚ್ಚಾದ ಸಾರನ್ನೂ ಒಂದೇ ಮುಖದಿಂದ ಉಣ್ಣುವುದು. ಕೈ ಮಾತ್ರ ತನ್ನಷ್ಟಕ್ಕೆ ತಾನು ಗೆರೆ ಎಳೆಯುತ್ತಿತ್ತು.

ಕುತುಬಖಾನೆಯ ಕೀಲಿ ಜವಳಿ ಅಂಗಡಿಯ ಕಳಕಪ್ಪನ ಉಡಿದಾರದಲ್ಲಿರುತ್ತಿತ್ತು. ಪುಸ್ತಕದ ಹೆಸರು ಕೇಳಿದ್ದೇ ತಡ, ಆತನ ಮುಖ ಅರಳಿತು.

"ಅದಾ! ನಮ್ಮ ಕುತುಬಖಾನಿ ಕಳಸಪಾ ಅದು. ಕೈ ತೊಳಕೊಂಡು ಬಾ."

ರೇಷ್ಮೆ ವಸ್ತ್ರ ಸುತ್ತಿ, ವಿಭೂತಿ ಹಚ್ಚಿ ಇಟ್ಟಿದ್ದ ಗ್ರಂಥವನ್ನು ಕೂಸನ್ನು ಎತ್ತಿದಂತೆ ಎತ್ತಿ ತಂದ. ಗ್ಯಾನಪ್ಪ ಪುಟ ತಿರುವಿದ. ಇಂಗ್ರೇಜಿ ಅಕ್ಷರ ಇತ್ತು, ಮತ್ತೂ ಅಕ್ಷರ ಇತ್ತು. ಚಿತ್ರ ಇರಬೇಕಾದಲ್ಲೆಲ್ಲ ಕತ್ತರಿಯಿಂದ ನೀಟಾಗಿ ಕೊಯ್ದ ಅಂಚು ಇತ್ತು.

"ಚಿತ್ರ ಎಲ್ಲಿ ಹೋದ್ವುರಿ, ಸಾವಕಾರ್ರ?"

"ಹೋಗೂದೆಲ್ಲಿ? ಭದ್ರ ಅದಾವ. ಅಂಥಾ ಚೆಂದನ್ನವನ್ನ ಕತ್ತಲಿ ಕಪಾಟಿನ್ಯಾಗ ಹುಳಕ್ಕ ಹಾಕೂದೇನು? ಕಟ್ಟು ಹಾಕಿಸಿ ಗ್ವಾಡಿಗೆ ತೂಗ ಬಿಟ್ಟೇವಿ."

ಸಂಗತಿ ಹೀಗಿತ್ತು. ಪುಸ್ತಕಕ್ಕೆ ವಂತಿಗೆ ಕೊಟ್ಟವರು ನಾಲ್ಕು ಊರಿನ ನಾಲ್ವರು: ಕೊಪ್ಪಳದ ಕಳಕಪ್ಪ, ಗಂಗಾವತಿಯ ಅಕ್ಕಿ ವ್ಯಾಪಾರಿ ರಾಜಾಸಾಬ, ಕುಷ್ಟಗಿಯ ಮುದುಕಮ್ಮ, ಯಲಬುರ್ಗಾದ ಕಾಳಿನ ವ್ಯಾಪಾರಿ ಹಂಪಣ್ಣ. ಚಿಲ್ಲರೆ ಚಿತ್ರಗಳನ್ನು ನೆಂಟರಿಷ್ಟರಿಗೆ ಹಂಚಿದರು. ಆದರೆ ಒಳಛಾವಣಿಯ ದೊಡ್ಡ ಕಮಲ ನಾಲ್ವರಿಗೂ ಬೇಕು. ಪುಣ್ಯಕ್ಕೆ ಅಚ್ಚು ಹಾಕಿದವರು ಅದು ಒಂದು ಪುಟದಲ್ಲಿ ಹಿಡಿಸದೆಂದು ನಾಲ್ಕು ಹಾಳೆಯಲ್ಲಿ ಮೂಡಿಸಿದ್ದರು. ನಾಲ್ಕು ಮಂದಿ, ನಾಲ್ಕು ಹಾಳೆ. ಇಂಥ ಸರಿಪಾಲಿನ ವಾಟಣಿ ವ್ಯಾಪಾರದಲ್ಲಿ ಎಷ್ಟು ಸಲ ಕೂಡಿ ಬರುತ್ತದೆ?

"ಒಂದು ಮಾತಿನ ಜಗಳ ಇಲ್ಲದ ಪಾಲಾತು ನೋಡು," ಎಂದ ಕಳಕಪ್ಪ. "ನಿನಗ್ಯಾಕ ತಿರುಗಾಟ? ಕಮಲ ಅಂದ್ರ ನಾಕೂ ಕಡೆ ಒಂದ ಇರತೈತಿ. ನನ್ನ ಪಾಲು ನೋಡಿ ನಾಕು ಸಲ ಬರಿ. ಯಾರಿಗೆ ಗೊತ್ತಾಗತೈತಿ?"

ಮಾತು ಸುಳ್ಳಲ್ಲ. ಗ್ಯಾನಪ್ಪನಿಗೂ ಹಾಗೆಯೇ ಅನ್ನಿಸಿತ್ತು. ಆದರೆ ಇಲ್ಲಿಯೇ ಮುಗಿದರೆ ಉಳಿದ ದೀಪಾವಳಿ ರಜೆಗೆ ಅಳವಂಡಿಗೆ ಹೋಗಬೇಕು, ಒಲೆಯ ಮುಂದಿನ ಖಾಲಿ ಮಣೆ ನೋಡಬೇಕು. ಅದಕ್ಕಿಂತ ಮೋಟಾರಿನಲ್ಲಿ ಕೂತು ಧೂಳು ತಿನ್ನುವುದು ಸಲೀಸಾಗಿ ಕಂಡಿತು. ಅವನನ್ನು ದೊಡ್ಡ ಸಂಶೋಧಕನೆಂದು ಯಾರಾದರೂ ಹೊಗಳುವುದಾದರೆ ಇಷ್ಟು ತಿಳಿದು ಹೊಗಳಬೇಕು.

ಕಳಕಪ್ಪನ ದೇವರಕೋಣೆಯಲ್ಲಿ ಊದುಬತ್ತಿಯ ಹೊಗೆ ಹಿಡಿದ ಗಾಜಿನ ಮೇಲೆ ತೆಳು ಕಾಗದ ಹಚ್ಚಿ ಮೊದಲ ಪಾಲು ಇಳಿಸಿಕೊಂಡ. ಗಂಗಾವತಿಯಲ್ಲಿ ರಾಜಾಸಾಬನ ಗಾದಿಯ ಮೇಲ್ಗಡೆ ಎರಡನೆಯ ಪಾಲು ತಲೆಕೆಳಗಾಗಿ ತೂಗುತ್ತಿತ್ತು.

"ಸಾಹೇಬ್ರ, ಇದು ಬುಡಮ್ಯಾಲಾಗಿ ಐತ್ರಿ."

"ಹೂವಿಗೆ ತೆಲಿ ಯಾವ್ದು, ಕಾಲು ಯಾವ್ದು ತಮ್ಮಾ? ಹಿಂಗ ತೂಗ ಹಾಕಿದ ಮ್ಯಾಗ ವ್ಯಾಪಾರ ಬರಕತ್ ಆಗೇತಿ. ಮುಟ್ಟಬ್ಯಾಡ. ಬೇಕಾರ ನೀನ ಬಗ್ಗಿ ನೋಡು."

ಗ್ಯಾನಪ್ಪ ಬಗ್ಗಿ ನೋಡಿದ. ಸಂಜೆಯವರೆಗೂ ಕುತ್ತಿಗೆ ವಾರೆ ಮಾಡಿಕೊಂಡು ಬರೆದ. ಹುಡುಗನ ಶ್ರಮ ಕಂಡು ರಾಜಾಸಾಬ ಪಕ್ಕದ ಮರಳಿ ಊರಿನ ಹೊಸ ಅಕ್ಕಿಯ ಅನ್ನ ಹಾಕಿಸಿ, ತನ್ನ ಮಾಲಿನ ಹೊಗಳಿಕೆ ಕೇಳಲು ಕಾದು ಕೂತ.

"ಹೆಂಗೈತಿ?"

"ಅನ್ನ ಐತ್ರಿ," ಎಂದ ಗ್ಯಾನಪ್ಪ.

ಕುಷ್ಟಗಿಯಲ್ಲಿ ಮುದುಕಮ್ಮ ಮಡಿಯಾಗಲೆಂದು ಅವನನ್ನು ಬಾವಿಯ ತಣ್ಣೀರಲ್ಲಿ ಮೀಯಿಸಿ, ಒದ್ದೆ ಪಂಚೆಯಲ್ಲಿಯೇ ನಿಲ್ಲಿಸಿ ಚಿತ್ರ ತೋರಿಸಿದಳು. ಚಳಿಯಾಯಿತೇ ಎಂದು ಕೇಳಿದರೆ, ಆಗಿರಬೇಕು ಎಂದ. ಮೂರೂ ಪಾಲನ್ನು ಜೋಡಿಸಿದರೆ ಎಸಳಿಗೆ ಎಸಳು, ಬಳ್ಳಿಗೆ ಬಳ್ಳಿ ಒಂದೇ. ಕಳಕಪ್ಪ ಹೇಳಿದ್ದೇ ಖರೆ. ಆದರೂ ಯಲಬುರ್ಗಾದ ಹಾದಿ ಹಿಡಿದ.

ಹಂಪಣ್ಣನ ಮನೆಯ ಬಾಗಿಲಲ್ಲಿ ಆತನ ಹೆಂಡತಿ ಪಂಪಾವತಿ ಮೊರದಲ್ಲಿ ಕಡಲೆ ಹಸನು ಮಾಡುತ್ತಾ ಕೂತಿದ್ದಳು. ಕುಂಕುಮವಿಲ್ಲದ ಹಣೆ ನೋಡಿ ಗ್ಯಾನಪ್ಪ ತಡೆದ. ಬಂದ ಕಾರಣ ಹೇಳಿದ.

"ಆ ಚಿತ್ರ ಅವರ ಸಂಗಾಟ ಹೋತಪಾ," ಎಂದಳು ಆಕೆ.

"ಎಲ್ಲಿಗೆ ಹೋತ್ರಿ?"

"ಮಣ್ಣಿಗೆ. ಭಾದ್ರಪದದಾಗ. ನಮ್ಮ ಮಂದ್ಯಾಗ ಕುಂದ್ರಿಸಿ ಮಣ್ಣು ಮಾಡತಾರಲ್ಲ. ಕುಂತಕೊಂಡು ಎಷ್ಟಂತ ಕತ್ತಲಿ ನೋಡತಾರ? ಅದಕ್ಕ ಎದುರಿಗೆ ಆಗೂವಂಗ ಅದನ್ನ ಇಡಿಸಿದೆ."

ಗ್ಯಾನಪ್ಪ ಸುರುಳಿ ಕಟ್ಟಿದ ಹಾಳೆಗಳನ್ನು ಕಂಕುಳಿಗೆ ಸೇರಿಸಿ ಹೊರಡಲು ತಿರುಗಿದ. ಮೂರು ನೋಡಿಯಾಗಿತ್ತು; ನಾಲ್ಕನೆಯದನ್ನು ಮೋಟಾರು ಬರುವುದರೊಳಗೆ ಗಿಡದ ಕೆಳಗೆ ಕೂತು ಮುಗಿಸಬಹುದಿತ್ತು.

"ಎಲ್ಲಿ ಹೊಂಟಿ? ನಾ ದಿನಾ ನೋಡಿದಾಕಿ ಅದೀನಲ್ಲ. ಹೇಳತೀನಿ, ಬರಕೋ."

ಅವನು ಕೂತ. ಆಕೆ ಹೊಸ್ತಿಲ ಒಳಗೆ, ಇವನು ಹೊರಗೆ, ನಡುವೆ ಹಾಳೆ. ಎಸಳು ಹೇಳಿದಳು, ಬಳ್ಳಿ ಹೇಳಿದಳು. ಎಲ್ಲವೂ ಆ ಮೂರರಂತೆಯೇ. ಆಮೇಲೆ ಕೆಳಗಿನ ಮೂಲೆಗೆ ಕಡಲೆ ಕಾಳೊಂದನ್ನು ಇಟ್ಟಳು.

"ಇಲ್ಲೆ ಗಿಳಿ ಇತ್ತು. ಅತ್ಲಾಗ ಮಾರಿ ಮಾಡಿತ್ತು."

"ಉಳಿದ ಮೂರರಾಗ ಗಿಳಿ ಇಲ್ರಿ ಅವ್ವಾರ."

"ಅವು ಅವರ ಮನಿ ಚಿತ್ರ. ಇದು ನಮ್ಮದು."

ಗ್ಯಾನಪ್ಪ ಬರೆದ.

"ಇದು ಕೋಳಿ ಆತಲ್ಲೋ. ಕೊಕ್ಕು ಬಾಗಿಸು. ಹೂಂ. ಇನ್ನೀಟು ಸೊಕ್ಕು ಇರಬೇಕು ಅದಕ್ಕ."

ಗಿಳಿಗೆ ಸೊಕ್ಕು ಬರುವ ಹೊತ್ತಿಗೆ ಮಧ್ಯಾಹ್ನವಾಯಿತು. ಆಕೆ ರೊಟ್ಟಿ, ಪುಂಡಿಪಲ್ಯೆ, ಕೆಂಪು ಚಟ್ನಿ ಇಟ್ಟಳು. ಎರಡನೆಯ ತುತ್ತಿಗೆ ಗ್ಯಾನಪ್ಪ ನೀರಿನ ತಂಬಿಗೆ ಎಳೆದುಕೊಂಡ.

"ಖಾರ ಆತೇನು?"

"ಭಾಳ ಆಗೇತ್ರಿ," ಎಂದವನು, ಹಾಗೆ ಅಂದದ್ದು ತಾನೇ ಹೌದೋ ಅಲ್ಲವೋ ಎಂಬಂತೆ ಗಳಿಗೆ ಹೊತ್ತು ತಂಬಿಗೆ ಹಿಡಿದು ಕೂತ.

ಗದಗಿನಲ್ಲಿ ಮಾಸ್ತರರು ಹಾಳೆ ಹರವಿದರು. ಮೂರು ಪಾಲಿಗೆ ತಲೆದೂಗಿ ನಾಲ್ಕನೆಯದರ ಮೇಲೆ ಬೆರಳಿಟ್ಟರು.

"ಇದರ ಪುಟ ಯಾವ್ದು?"

"ಅದನ್ನ ಹೂಳ್ಯಾರ್ರಿ ಸರ್."

ಪೂರ್ತಿ ಕಥೆ ಕೇಳಿ ಮಾಸ್ತರರು ಹಣೆ ತಿಕ್ಕಿಕೊಂಡರು. "ಗಿಳಿ ಅಳಿಸು, ಹುಡುಗಾ. ಮೂರರಂಗ ಇದನ್ನೂ ಮಾಡು, ಪುಟದ ಅಂಕಿ ಹಾಕು. ಗಂಗಾವತಿ ನೌಕರಿ ಕೈಯಾಗ ಐತಿ."

"ನೋಡಿದಾಕಿ ಆಕೀರಿ. ನಾ ನೋಡಿಲ್ಲ."

ಇದನ್ನು ಹಟವೆಂದು ಮಾಸ್ತರರು ತಿಳಿದರು. ಹಟಕ್ಕೂ ಒಂದಿಷ್ಟು ಕಸುವು ಬೇಕಾಗುತ್ತದೆ. ಅದು ಅವನಲ್ಲಿ ಇರಲಿಲ್ಲ. ರಬ್ಬರು ಎತ್ತಿಕೊಳ್ಳಲು ಕೈ ಹೋಗಲಿಲ್ಲ, ಅಷ್ಟೇ. ಮೂರು ಪಾಲಿನ ಅಡಿಯಲ್ಲಿ ಪುಟದ ಅಂಕಿ ಬಿತ್ತು. ನಾಲ್ಕನೆಯದರ ಅಡಿಯಲ್ಲಿ, ಯಲಬುರ್ಗಾದ ಪಂಪಾವತಿ ಹೇಳಿದಂತೆ, ಎಂದು ಬಿತ್ತು. ಹಾಳೆ ಮುಂಬಯಿಗೆ ಹೋಯಿತು.

ಮುಂಬಯಿಯವರು ತಮ್ಮ ಪುಸ್ತಕ ತೆಗೆದು ಪಕ್ಕದಲ್ಲಿಟ್ಟು ನೋಡಿದರಂತೆ. ಅಲ್ಲಿ ಗಿಳಿ ಇರಲಿಲ್ಲ. ಆ ಮೂಲೆಯಲ್ಲಿ ಮಾತ್ರ, ಉಳಿದ ಮೂರರಲ್ಲಿ ಇಲ್ಲದ ಒಂದು ಎಲೆ ಇತ್ತು, ತುದಿ ಬಾಗಿದ್ದು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ್ದಾನೆಂದು ಗ್ಯಾನಪ್ಪನನ್ನು ನಪಾಸು ಮಾಡಿದರು. ಗಂಗಾವತಿಯ ಮಾಸ್ತರಿಕೆ ಬೇರೊಬ್ಬನ ಪಾಲಾಯಿತು. ಮಾಸ್ತರರು ಇದನ್ನೆಲ್ಲ ಹೇಳುವಾಗ ಗ್ಯಾನಪ್ಪ ಅವರ ಅಂಗಿಯ ಗುಂಡಿ ನೋಡುತ್ತಾ ನಿಂತಿದ್ದ. ಕೊಪ್ಪಳ ಸ್ಟೇಶನ್ನಿನಲ್ಲಿ ಇಳಿದವನಿಗೆ ಕಳಕಪ್ಪ ಎದುರಾದ. "ನನ್ನ ಪಾಲು ನಾಕು ಸಲ ಬರಿ ಅಂದಿದ್ನಿಲ್ಲೋ?" ಎಂದ. ಹಾಗೆ ಮಾಡಿದ್ದರೂ ಎಲೆ ತಪ್ಪುತ್ತಿತ್ತು. ಆದರೆ ಅದನ್ನು ಬಿಡಿಸಿ ಹೇಳಲು ಗ್ಯಾನಪ್ಪನಿಗೆ ಬೇಸರ.

ಬೇಸಿಗೆಯಲ್ಲಿ ಸುಣ್ಣದ ಕೆಲಸಕ್ಕೆ ಊರೂರು ತಿರುಗುವಾಗ ಯಲಬುರ್ಗಾದಿಂದಲೂ ಕರೆ ಬಂತು. ಪಂಪಾವತಿ ಅಡುಗೆಮನೆಗೆ ಸುಣ್ಣ ಹಚ್ಚಿಸಬೇಕೆಂದಿದ್ದಳು. ಇವನು ಬಕೀಟು ಇಳಿಸುವ ಮೊದಲೇ ಕೇಳಿದಳು.

"ಏನಂದ್ರೋ ಮುಂಬಯಿ ಮಂದಿ? ನನ್ನ ಗಿಳಿ ಮನಸಿಗೆ ಬಂತಾ?"

ಹೌದು ಎಂದಿದ್ದರೆ ಆಕೆಗೂ ಸಂತೋಷ, ಇವನಿಗೂ ಪಾರು. ಅಷ್ಟು ಯೋಚಿಸಿ ಸುಳ್ಳು ಕಟ್ಟುವುದು ಗ್ಯಾನಪ್ಪನ ಕೈಲಾಗಲಿಲ್ಲ.

"ಅದು ಗಿಳಿ ಅಲ್ಲಂತರಿ ಅವ್ವಾರ. ಎಲಿ ಅಂತ. ಪುಸ್ತಕ ತಗದು ನೋಡ್ಯಾರ."

"ಎಲಿ?"

"ಹೂಂರಿ. ತುದಿ ಬಾಗಿತ್ತಂತ."

ಪಂಪಾವತಿ ಗೋಡೆಗೆ ಬೆನ್ನು ಹಚ್ಚಿದಳು.

"ನಮ್ಮ ಮನಿಯವರೂ ಎಲಿ ಅಂತಿದ್ರು," ಎಂದಳು. "ನಾ ಗಿಳಿ ಅಂತಿದ್ದೆ. ಉಣ್ಣಾಕ ಕುಂತ್ರ ಸಾಕು, ಇದ ಜಗಳ. ಕಡೀಕ ಜಡ್ಡಿನಾಗ ಮಲಗಿದಾಗ, ಆತು ಬಿಡ, ಗಿಳೀನ, ನೀನ ಗೆದ್ದಿ ಅಂದ್ರು. ಖರೇನ ಗೆದ್ದೆ ಅಂತ ತಿಳದಿದ್ದೆ ನೋಡು ನಾ." ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗು ಬಹಳ ಹೊತ್ತು ನಡೆಯಿತು, ನಡೆದು ನಡೆದು ನಗುವಾಗಿ ಉಳಿಯಲಿಲ್ಲ. ಮೂಗು ಒರೆಸಿಕೊಂಡು ಕೇಳಿದಳು:

"ನನ್ನ ಮಾತು ಕೇಳಿ ನಿನ್ನ ನೌಕರಿ ಹೋತೇನು?"

"ಹೋತ್ರಿ."

"ಬೈಯಬಾರದೇನೋ ನನಗ?"

"ಸಿಟ್ಟು ಬರವಲ್ದುರಿ."

"ಬರತೈತಿ, ತಡಿ. ನನಗ ಈಗ ಬಂತು ನೋಡು, ಅವರ ಮ್ಯಾಲ. ಸುಳ್ಳ ಸೋತು ಹೋದ್ರಲ್ಲ."

ಆಕೆ ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳನ್ನು ಕುಕ್ಕುವ ಸಪ್ಪಳ ಕೇಳತೊಡಗಿತು. ಗ್ಯಾನಪ್ಪ ಬಕೀಟು ಇಳಿಸಿ ಸುಣ್ಣ ಕಲಸಲು ನೀರು ಕೇಳಿದ.